ಓಆರ್‌ಎಸ್‌ ಹೆಸರಿನ ಗೊಂದಲ: ಔಷಧದ ಹೆಸರನ್ನು ಎಷ್ಟು ನಂಬಬಹುದು?

ಮಗುವಿಗೆ ವಾಂತಿ-ಭೇದಿ ಶುರುವಾದರೆ ದಾವಣಗೆರೆಯ ಯಾವ ಮೆಡಿಕಲ್ ಶಾಪ್‌ಗೆ ಹೋದರೂ ಜನ ಕೇಳುವುದು ಒಂದೇ ಮಾತು: "ಓಆರ್‌ಎಸ್‌ ಕೊಡಿ." ಈ ಹೆಸರಿನಲ್ಲಿ ಎರಡು ಬಗೆಯ ಸಾಮಾನು ಮಾರುಕಟ್ಟೆಯಲ್ಲಿತ್ತು. ಒಂದು, ನೀರಿಗೆ ಕಲಸುವ ಪುಡಿ ಪೊಟ್ಟಣ. ಇನ್ನೊಂದು, ಕಿತ್ತಳೆ ಅಥವಾ ಸೇಬಿನ ರುಚಿಯ ಟೆಟ್ರಾ ಪ್ಯಾಕ್. ಎರಡರ ಮೇಲೂ ಆ ಮೂರು ಅಕ್ಷರ ಎದ್ದು ಕಾಣುತ್ತಿತ್ತು.

2025ರ ಅಕ್ಟೋಬರ್ 14ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾಗದ ಯಾವ ಪಾನೀಯವೂ ಓಆರ್‌ಎಸ್‌ ಎಂಬ ಹೆಸರನ್ನು ಬಳಸುವಂತಿಲ್ಲ ಎಂದಿತು. ಅದೇ ವರ್ಷ ಡಿಸೆಂಬರ್ 24ರಂದು ಅದೇ ಪ್ರಾಧಿಕಾರ ಇನ್ನೊಂದು ಸ್ಪಷ್ಟನೆ ಕೊಟ್ಟಿತು. ಟೀ ಗಿಡದಿಂದ ಬಂದದ್ದನ್ನು ಮಾತ್ರ ಟೀ ಎನ್ನಬೇಕು, ಗಿಡಮೂಲಿಕೆ ಕುದಿಸಿ ಕುಡಿಯುವುದನ್ನು ಟೀ ಎಂದು ಮಾರಬಾರದು ಎಂದು ಹೇಳಿತು.

ಎರಡೂ ಸುದ್ದಿ ಜನರನ್ನು ಗೊಂದಲಕ್ಕೆ ತಳ್ಳಿದವು. ಓಆರ್‌ಎಸ್‌ ಬ್ಯಾನ್ ಆಯಿತಾ? ತುಳಸಿ ಟೀ ಕುಡಿದರೆ ತೊಂದರೆಯಾ? ಎರಡು ಪ್ರಶ್ನೆಗೂ ಉತ್ತರ "ಇಲ್ಲ" ಎಂದೇ. ನಿರ್ಬಂಧ ಬಿದ್ದಿರುವುದು ಹೆಸರಿನ ಮೇಲೆ. ಹೆಸರೊಂದರ ಮೇಲೆ ಇಷ್ಟೊಂದು ಜಗಳ ಯಾಕೆ ಎಂದರೆ, ನಮ್ಮಲ್ಲಿ ಬಹಳ ಜನ ಔಷಧವನ್ನು ಗುರುತಿಸುವುದೇ ಹೆಸರಿನಿಂದ. ಒಳಗೆ ಏನಿದೆ ಎಂದು ಓದುವವರು ಕಡಿಮೆ. ಹಾಗಾಗಿ ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಪುಡಿ ಪೊಟ್ಟಣದೊಳಗೆ ಏನಿದೆ

ಓಆರ್‌ಎಸ್‌ ಎಂದರೆ ಓರಲ್ ರಿಹೈಡ್ರೇಶನ್ ಸಾಲ್ಟ್ಸ್. ದೇಹದಿಂದ ಹೋದ ನೀರನ್ನು ಬಾಯಿಯ ಮೂಲಕವೇ ತುಂಬಿಸುವ ಲವಣಗಳ ಮಿಶ್ರಣ. ಇದು ಯಾವ ಕಂಪನಿಯ ಬ್ರ್ಯಾಂಡೂ ಅಲ್ಲ, ಒಂದು ಸೂತ್ರದ ಹೆಸರು. 2002ರಿಂದ ಬಳಕೆಯಲ್ಲಿರುವ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರಬೇಕು. ಎಲ್ಲ ಸೇರಿ 20.5 ಗ್ರಾಂ.

ಈ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಇರುವುದಕ್ಕೆ ಕಾರಣವಿದೆ. ಭೇದಿಯಾಗುತ್ತಿರುವಾಗಲೂ ಸಣ್ಣ ಕರುಳಿನ ಒಂದು ದಾರಿ ತೆರೆದೇ ಇರುತ್ತದೆ. ಅದರಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಗ್ಲೂಕೋಸ್ ಇಲ್ಲದಿದ್ದರೆ ಉಪ್ಪು ಸರಿಯಾಗಿ ಒಳಸೇರುವುದಿಲ್ಲ. ಸಕ್ಕರೆ ಜಾಸ್ತಿಯಾದರೆ ಆಗುವುದು ಇದಕ್ಕೆ ಪೂರ್ತಿ ಉಲ್ಟಾ. ಕರುಳಿನಲ್ಲಿ ಉಳಿದ ಸಕ್ಕರೆ ದೇಹದ ನೀರನ್ನೇ ಕರುಳಿಗೆ ಎಳೆಯುತ್ತದೆ. ಭೇದಿ ಹೆಚ್ಚುತ್ತದೆ, ಮಗು ಇನ್ನಷ್ಟು ಸುಸ್ತಾಗುತ್ತದೆ. ಸಿಹಿ ಪಾನೀಯಗಳಲ್ಲಿ ಸಕ್ಕರೆ ಈ ಸೂತ್ರಕ್ಕಿಂತ ಹಲವು ಪಟ್ಟು ಜಾಸ್ತಿ, ಉಪ್ಪಿನಂಶ ಕಡಿಮೆ. ತಾಯಿ ಔಷಧ ಕೊಡುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಮಗುವಿನ ಹೊಟ್ಟೆಗೆ ಹೋಗುವುದು ಸಕ್ಕರೆ ನೀರು.

ಈ ಹೆಸರು ನಂಬಿಕೆ ಗಳಿಸಿದ್ದು ಸುಮ್ನೆ ಅಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಡ್ರಿಪ್ ಬಾಟಲಿಗಳು ಖಾಲಿಯಾಗುತ್ತಾ ಬಂದವು. ಆಗ ಡಾ. ದಿಲೀಪ್ ಮಹಾಲನೋಬಿಸ್ ಅವರ ತಂಡ ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿತು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಅಷ್ಟು ಜೀವ ಉಳಿಸಿ ಗಳಿಸಿದ ಹೆಸರು ಇದು.

ನಮ್ಮ ಭಾಗಕ್ಕೆ ಇದು ದೂರದ ವಿಷಯ ಅಲ್ಲ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಾರು ಜನ ವಾಂತಿ-ಭೇದಿಯಿಂದ ನರಳಿದರು, ಕೆಲವರು ಪ್ರಾಣ ಕಳೆದುಕೊಂಡರು. ನೀರಿನ ಪೈಪು, ಟ್ಯಾಂಕು ನಂಬಲು ಆಗದ ಊರುಗಳಲ್ಲಿ ಆಸ್ಪತ್ರೆ ಸೇರುವ ಮೊದಲಿನ ಕೆಲವು ಗಂಟೆ ಬಹಳ ಮುಖ್ಯ. ಆ ಹೊತ್ತಿನಲ್ಲಿ ಮನೆಯವರ ಕೈಗೆ ಸಿಗುವುದು ಸರಿಯಾದ ಪೊಟ್ಟಣವೇ ಆಗಿರಬೇಕು.

ಅನುಮತಿ ಕೊಟ್ಟದ್ದೂ, ಹಿಂದೆ ಪಡೆದದ್ದೂ ಒಂದೇ ಪ್ರಾಧಿಕಾರ

ನಿಜವಾದ ಓಆರ್‌ಎಸ್‌ ಔಷಧ ಕಾನೂನಿನ ಕೆಳಗೆ ಬರುತ್ತದೆ. ಹಣ್ಣಿನ ರುಚಿಯ ಪಾನೀಯ ಆಹಾರ ಕಾನೂನಿನ ಕೆಳಗೆ ಬರುತ್ತದೆ. ತಪಾಸಣೆ ಬೇರೆ, ಲೈಸೆನ್ಸ್ ಬೇರೆ. ಆದರೆ ಎರಡೂ ಬಂದು ಕೂರುವುದು ಮೆಡಿಕಲ್ ಶಾಪ್‌ನ ಅದೇ ಕಪಾಟಿನಲ್ಲಿ. ಗೊಂದಲ ಹುಟ್ಟಿದ್ದು ಇಲ್ಲಿ.

2022ರ ಜುಲೈನಲ್ಲಿ ಪ್ರಾಧಿಕಾರವೇ ಒಂದು ಸಡಿಲಿಕೆ ಕೊಟ್ಟಿತ್ತು. ಬ್ರ್ಯಾಂಡ್ ಹೆಸರಿನ ಹಿಂದೆಯೋ ಮುಂದೆಯೋ ಓಆರ್‌ಎಸ್‌ ಸೇರಿಸಿಕೊಳ್ಳಬಹುದು, ಆದರೆ "ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಸೂತ್ರವಲ್ಲ" ಎಂದು ಲೇಬಲ್ ಮೇಲೆ ಬರೆಯಬೇಕು ಎಂದಿತ್ತು. 2024ರ ಫೆಬ್ರುವರಿಯಲ್ಲೂ ಅದೇ ದಾರಿ ಮುಂದುವರಿಯಿತು. 2025ರ ಅಕ್ಟೋಬರ್ ಆದೇಶ ಆ ಎರಡನ್ನೂ ಹಿಂದೆ ಪಡೆಯಿತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ದನಿ ಎತ್ತಿ, ಕೋರ್ಟ್ ಮೆಟ್ಟಿಲನ್ನೂ ಹತ್ತಿದ್ದರು.

ಕಂಪನಿಗಳ ವಾದದಲ್ಲಿ ಪೂರ್ತಿ ಹುರುಳಿಲ್ಲ ಎನ್ನಲಾಗದು. ಹೆಸರು ಟ್ರೇಡ್‌ಮಾರ್ಕ್ ಆಗಿದೆ, ನಿಯಮದಂತೆ ಎಚ್ಚರಿಕೆ ಅಚ್ಚು ಹಾಕಿದ್ದೇವೆ, ನೀವೇ ಅನುಮತಿ ಕೊಟ್ಟು ಈಗ ದಿಢೀರನೆ ತೆಗೆದರೆ ಗೋದಾಮಿನಲ್ಲಿರುವ ಮಾಲನ್ನು ಏನು ಮಾಡಬೇಕು ಎಂದು ಅವರು ಕೇಳಿದರು. ಬಿಸಿಲಿನಲ್ಲಿ ದಣಿದ ಆರೋಗ್ಯವಂತರಿಗೆ ಇಂಥ ಪಾನೀಯದಿಂದ ಏನು ನಷ್ಟ ಎಂಬ ಮಾತೂ ಇದೆ. ಆದರೆ ಅಕ್ಟೋಬರ್ ಕೊನೆಗೆ ದಿಲ್ಲಿ ಹೈಕೋರ್ಟ್ ಸಾರ್ವಜನಿಕ ಆರೋಗ್ಯದ ಕಾರಣ ಮುಂದಿಟ್ಟು, ಆದೇಶಕ್ಕೆ ಅಡ್ಡ ಬರಲು ಒಪ್ಪಲಿಲ್ಲ.

ಇಲ್ಲಿ ವೈದ್ಯರ ಪಕ್ಷವೇ ಗಟ್ಟಿ. ಹೆಸರು ದೊಡ್ಡ ಅಕ್ಷರದಲ್ಲಿ ಒಂದು ಮಾತು ಹೇಳಿ, ಎಚ್ಚರಿಕೆ ಚಿಕ್ಕ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಅದನ್ನು ಅಲ್ಲಗಳೆದರೆ ಓದುಗ ನಂಬುವುದು ಹೆಸರನ್ನೇ. ರಾತ್ರಿ ಹನ್ನೊಂದಕ್ಕೆ ಅಳುವ ಮಗುವನ್ನು ಎತ್ತಿಕೊಂಡು ಬಂದವರು ಲೇಬಲ್ ಹಿಂಬದಿ ಓದಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಟೀ ವಿಷಯ ಇಷ್ಟು ಗಂಭೀರವಲ್ಲ. ತುಳಸಿ, ಶುಂಠಿ, ದಾಸವಾಳ ಹಾಕಿ ಕುದಿಸಿದ್ದನ್ನು ನಮ್ಮ ಹಿರಿಯರು ಕಷಾಯ ಎಂದೇ ಕರೆದರು. ಅದನ್ನು ಟೀ ಮಾಡಿದ್ದು ಮಾರುಕಟ್ಟೆ. ಹೊಸ ಸ್ಪಷ್ಟನೆಯಿಂದ ಪ್ಯಾಕೆಟ್ ಮೇಲಿನ ಹೆಸರು ಬದಲಾಗುತ್ತದೆ, ಕುಡಿಯುವವರಿಗೆ ಏನೂ ಬದಲಾಗುವುದಿಲ್ಲ.

ಗಿಡಕ್ಕೆ ಹೆಸರಿಟ್ಟವರು ಏನು ನೋಡಿದರು

ಕಾನೂನು ಇಲ್ಲದ ಕಾಲದಲ್ಲಿ ಔಷಧಿಗೆ ಹೆಸರು ಇಟ್ಟವರು ಯಾರು? ಗಿಡ ಕಿತ್ತವರು, ದನ ಕಾಯ್ದವರು, ನಾಟಿ ವೈದ್ಯರು. ಅವರ ಹೆಸರುಗಳಲ್ಲಿ ನೋಡಿದ್ದು, ಮೂಸಿದ್ದು, ರುಚಿ ಕಂಡದ್ದು ಎಲ್ಲವೂ ಇದೆ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ, ಹೊಲದ ಬದುವಿನಲ್ಲಿ ಇಂಥ ಗಿಡಗಳಿಗೆ ಬರವಿಲ್ಲ. ನೆಲಕ್ಕೆ ಹತ್ತಿರ ಬೆಳೆದು ನೆಲ್ಲಿಯಂಥ ಎಲೆ, ಪುಟ್ಟ ಕಾಯಿ ಬಿಡುವುದು ನೆಲನೆಲ್ಲಿ. ಬೇವಿನಷ್ಟು ಕಹಿಯಾಗಿ ನೆಲಮಟ್ಟದಲ್ಲೇ ಉಳಿಯುವುದು ನೆಲಬೇವು. ಒಂದೊಂದೇ ಎಲೆ ಎದ್ದು ನಿಲ್ಲುವುದು ಒಂದೆಲಗ. ಮುರಿದರೆ ಲೋಳೆ ಸುರಿಯುವುದು ಲೋಳೆಸರ.

ಆಡುಸೋಗೆಯ ಕಥೆ ಇವೆಲ್ಲಕ್ಕಿಂತ ಚೆನ್ನಾಗಿದೆ. "ಆಡು ಮುಟ್ಟದ ಸೊಪ್ಪಿಲ್ಲ" ಎಂಬುದು ಗಾದೆ. ಆ ಆಡೂ ಬಾಯಿ ಹಾಕದಷ್ಟು ಕಹಿ ಈ ಸೊಪ್ಪು. ತಮಿಳಿನ ಹೆಸರಿಗೂ ಆಡು ಮುಟ್ಟದ್ದು ಎಂಬ ಅರ್ಥವನ್ನೇ ಹೇಳುತ್ತಾರೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಗಿಡಕ್ಕೆ ಲ್ಯಾಟಿನ್ ಹೆಸರು ಕೊಡುವಾಗ ಇಲ್ಲಿನ ಆ ಹೆಸರನ್ನೇ ಎತ್ತಿಕೊಂಡು ಜಸ್ಟಿಸಿಯಾ ಆಧಾತೋಡಾ ಎಂದ. ಸಂಸ್ಕೃತದಲ್ಲಿ ಇದು ವಾಸಾ. ಅದರಿಂದ ಇದರ ಮುಖ್ಯ ರಾಸಾಯನಿಕಕ್ಕೆ ವ್ಯಾಸಿಸಿನ್ ಎಂಬ ಹೆಸರು ಬಂತು. ಆ ರಾಸಾಯನಿಕವನ್ನು ಮಾದರಿಯಾಗಿಟ್ಟುಕೊಂಡು ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧ ತಯಾರಾಯಿತು. ಅದರ ಮುಂದಿನ ರೂಪ ಆಂಬ್ರೋಕ್ಸಾಲ್. ಇವತ್ತು ಕೆಮ್ಮಿನ ಎಷ್ಟೋ ಸಿರಪ್ ಬಾಟಲಿಗಳ ಮೇಲೆ ಈ ಎರಡರಲ್ಲಿ ಒಂದು ಹೆಸರು ಸಿಗುತ್ತದೆ. ಬೇಲಿಯ ಸೊಪ್ಪಿಗೂ ಆ ಸಿರಪ್‌ಗೂ ನೆಂಟಸ್ತಿಕೆ ಇದೆ, ಆದರೆ ಹೆಸರು ನೋಡಿದರೆ ಅದು ಗೊತ್ತಾಗುವುದಿಲ್ಲ.

ಸರ್ಪಗಂಧದ ಲ್ಯಾಟಿನ್ ಹೆಸರಿನಲ್ಲಿ ಸರ್ಪೆಂಟಿನಾ ಇದೆ. 1952ರಲ್ಲಿ ಅದರ ಬೇರಿನಿಂದ ಬೇರ್ಪಡಿಸಿದ ರಕ್ತದೊತ್ತಡದ ಔಷಧಕ್ಕೆ ರೆಸರ್ಪಿನ್ ಎಂದು ಹೆಸರಾಯಿತು. ಮನೆ ಮುಂದಿನ ನಿತ್ಯಪುಷ್ಪದ ಹಳೆಯ ಲ್ಯಾಟಿನ್ ಹೆಸರು ವಿಂಕಾ. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಅದರಿಂದಲೇ ಬಂದದ್ದು. ಹಾಗೆಂದು ಆ ಹೂವಿನ ಗಿಡವನ್ನು ಅರೆದು ಕುಡಿಯಬಾರದು. ಗಿಡದಲ್ಲಿ ಔಷಧವೂ ಇದೆ, ವಿಷವೂ ಇದೆ. ಬೇರ್ಪಡಿಸಿ, ಅಳೆದು ಕೊಟ್ಟಾಗ ಮಾತ್ರ ಅದು ಔಷಧ.

ಒಂದೇ ಹೆಸರು, ಬೇರೆ ಬೇರೆ ಗಿಡ

ಅನುಭವದಿಂದ ಹುಟ್ಟಿದ ಹೆಸರಿಗೆ ಒಂದು ಮಿತಿ ಇದೆ. ಆ ಅನುಭವ ಒಂದು ಊರಿನದು. ಹೆಸರು ಪೇಟೆಗೆ ಬಂದಾಗ ತೊಡಕು ಶುರು.

ಬ್ರಾಹ್ಮಿಯನ್ನೇ ನೋಡಿ. ಕರ್ನಾಟಕದಲ್ಲಿ ಬಹಳಷ್ಟು ಜನ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಭಾರತದ ಆಯುರ್ವೇದ ಔಷಧಕೋಶದ ಪ್ರಕಾರ ಬ್ರಾಹ್ಮಿ ಎಂದರೆ ಬಕೋಪಾ ಮೊನ್ನಿಯೇರಿ, ಅಂದರೆ ನೀರುಬ್ರಾಹ್ಮಿ. ಒಂದೆಲಗ ಅಲ್ಲಿ ಮಂಡೂಕಪರ್ಣಿ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ರಾಸಾಯನಿಕಗಳೂ ಬೇರೆ. ಶಂಖಪುಷ್ಪಿಯದೂ ಇದೇ ಪಾಡು. ಔಷಧಕೋಶ ಹೇಳುವುದು ನೆಲದಲ್ಲಿ ಹರಡುವ ಒಂದು ಪುಟ್ಟ ಗಿಡವನ್ನು. ನಮಗೆ ಶಂಖಪುಷ್ಪ ಎಂದರೆ ಬೇಲಿಗೆ ಹಬ್ಬುವ ನೀಲಿ ಹೂವಿನ ಬಳ್ಳಿ. ರಾಸ್ನಾ ಎಂದರೆ ಉತ್ತರದಲ್ಲಿ ಒಂದು ಗಿಡ, ದಕ್ಷಿಣದಲ್ಲಿ ಇನ್ನೊಂದು.

ಇದರಲ್ಲಿ ಯಾರದ್ದು ತಪ್ಪು ಎಂದು ಕೇಳಿದರೆ ಯಾರದ್ದೂ ಅಲ್ಲ. ಮಲ್ಲಾಡಿಹಳ್ಳಿಯಂಥ ಕಡೆ ಆಯುರ್ವೇದ ಕಾಲೇಜಿನಲ್ಲಿ ಕಲಿತವರು ಗ್ರಂಥದ ಹೆಸರನ್ನು ಹಿಡಿಯುತ್ತಾರೆ. ಹಳ್ಳಿಯ ವೈದ್ಯರು ಮನೆತನದಿಂದ ಬಂದ ಹೆಸರನ್ನು ಹಿಡಿಯುತ್ತಾರೆ. ಗ್ರಂಧಿಗೆ ಅಂಗಡಿಯವರು ಸಗಟು ವ್ಯಾಪಾರಿ ಚೀಲದ ಮೇಲೆ ಬರೆದ ಹೆಸರನ್ನು ಹಿಡಿಯುತ್ತಾರೆ. ಮೂವರೂ ಪ್ರಾಮಾಣಿಕರೇ ಆಗಿರಬಹುದು. ಆದರೂ ರೋಗಿಯ ಕೈಗೆ ಬೇರೆಯದೇ ಗಿಡ ಸೇರಬಹುದು.

ಅಮೃತಬಳ್ಳಿ ವಿವಾದದಲ್ಲಿ ಇದು ಚೆನ್ನಾಗಿ ಕಂಡಿತು. ಕೋವಿಡ್ ಕಾಲದಲ್ಲಿ ಜನ ಇದರ ಕಷಾಯವನ್ನು ಮಿತಿಮೀರಿ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಇದನ್ನು ಬಳಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಬಗ್ಗೆ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೋ, ಅದರಂತೆಯೇ ಕಾಣುವ ಟಿನೋಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿಯೋ ಖಚಿತಪಡಿಸಿಕೊಂಡಿಲ್ಲ ಎಂದಿತು. ಬೇರೆ ಆಸ್ಪತ್ರೆಗಳಿಂದ ಮತ್ತಷ್ಟು ಪ್ರಕರಣಗಳು ಬಂದ ಮೇಲೂ ಎರಡೂ ಕಡೆಯವರು ತಮ್ಮ ನಿಲುವು ಬಿಟ್ಟಿಲ್ಲ. ಗಮನಿಸಬೇಕಾದ ಮಾತು ಬೇರೆ ಇದೆ. ಬಳ್ಳಿ ಬೇರೆ ಇರಬಹುದು ಎಂಬ ಸಚಿವಾಲಯದ ವಾದವನ್ನು ಒಪ್ಪಿದರೂ ಸಮಾಧಾನಪಡುವಂತಿಲ್ಲ. ಪರಿಣಿತರೇ ಗುರುತಿಗಾಗಿ ಜಗಳವಾಡುವ ಬಳ್ಳಿಯನ್ನು ಬೇವಿನ ಮರದಿಂದ ಕಿತ್ತು ತಂದವರು ಹೇಗೆ ಗುರುತಿಸಬೇಕು?

ಇನ್ನು ಗಿಡದ ಯಾವ ಭಾಗ ಎಂಬುದನ್ನು ಹೆಸರು ಹೇಳುವುದೇ ಇಲ್ಲ. ಅಶ್ವಗಂಧ, ನಮ್ಮ ಹಿರೇಮದ್ದು, ಅದರ ಬೇರಿಗೆ ಕುದುರೆಯ ವಾಸನೆ ಇದೆ ಎಂದು ಆ ಹೆಸರು. ಗ್ರಂಥಗಳು ಮುಖ್ಯವಾಗಿ ಹೇಳಿದ್ದು ಬೇರನ್ನು. ಬೇಡಿಕೆ ಏರಿದಾಗ ಅಗ್ಗದ ಎಲೆಯೂ ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 2021ರಲ್ಲಿ ಆಯುಷ್ ಸಚಿವಾಲಯ ಎಲೆ ಬಳಸಬೇಡಿ ಎಂದು ತಯಾರಕರಿಗೆ ತಿಳಿಸಬೇಕಾಯಿತು.

ಹೆಸರೇ ಜಾಹೀರಾತಾದಾಗ

ದಾವಣಗೆರೆಯ ಎಷ್ಟೋ ಮನೆಗಳ ಕುಂಡದಲ್ಲಿ ಇನ್ಸುಲಿನ್ ಗಿಡ ಕಾಣುತ್ತದೆ. ಬ್ರೆಜಿಲ್ ಮೂಲದ ಗಿಡ ಅದು. ದಿನಕ್ಕೊಂದು ಎಲೆ ಅಗಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂಬ ನಂಬಿಕೆ ಆ ಹೆಸರಿನ ಜೊತೆಗೇ ಬಂತು. ಆದರೆ ಅದರಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಇನ್ಸುಲಿನ್ ಒಂದು ಪ್ರೋಟೀನ್. ತಿಂದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಚುಚ್ಚುಮದ್ದಾಗಿ ಕೊಡುವುದು ಅದಕ್ಕೇ.

ಮಧುನಾಶಿನಿಯ ಹೆಸರು ಇದಕ್ಕಿಂತ ಹಳೆಯದು, ಹೆಚ್ಚು ಪ್ರಾಮಾಣಿಕವೂ ಹೌದು. ಅದರ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯುವುದಿಲ್ಲ. ನಾಲಿಗೆಯ ಮೇಲಿನ ಸಿಹಿ ಹೋಗುವುದು ನಿಜ. ರಕ್ತದ ಸಕ್ಕರೆಯೂ ಹಾಗೇ ಹೋಗುತ್ತದೆ ಎಂದು ತಿಳಿಯುವುದು ಹೆಸರಿನಿಂದ ಹುಟ್ಟಿದ ಅತಿನಂಬಿಕೆ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂಬ ಜಾಹೀರಾತನ್ನು ನಿಷೇಧಿಸುತ್ತದೆ. ಆದರೆ ನರ್ಸರಿಯಲ್ಲಿ ಇನ್ಸುಲಿನ್ ಗಿಡ ಎಂಬ ಹೆಸರಿನಲ್ಲಿ ಮಾರಿದರೆ ಅದು ಜಾಹೀರಾತಿನಂತೆ ಕಾಣುವುದಿಲ್ಲ, ಬರೀ ಹೆಸರಿನಂತೆ ಕಾಣುತ್ತದೆ. ಕಾನೂನು ಸುಲಭವಾಗಿ ತಲುಪದ ಜಾಗ ಇದು. ಇದರಿಂದ ಆಗುವ ಅಪಾಯ ಎರಡು ಬಗೆಯದು. ಗಿಡ ನಂಬಿ ಮಾತ್ರೆ ಬಿಟ್ಟವರಿಗೆ ಸಕ್ಕರೆ ಏರುತ್ತದೆ. ಮಾತ್ರೆಯ ಜೊತೆಗೆ ಸಕ್ಕರೆ ಇಳಿಸುವ ಸೊಪ್ಪನ್ನೂ ತಿಂದವರಿಗೆ ಸಕ್ಕರೆ ಹಠಾತ್ತನೆ ಇಳಿದು ತಲೆ ಸುತ್ತಬಹುದು.

ಮಾತ್ರೆಯ ಹೊರ ಹೆಸರು, ಒಳ ಹೆಸರು

ಹೆಸರಿನ ಇಂಥ ಗೊಂದಲಕ್ಕೆ ಆಧುನಿಕ ವೈದ್ಯಕೀಯ ಕಂಡುಕೊಂಡ ದಾರಿ ಜೆನೆರಿಕ್ ಹೆಸರು, ಅಂದರೆ ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಔಷಧದ ಹೆಸರು. ಲೋಕಕ್ಕೆಲ್ಲ ಒಂದೇ ಹೆಸರಿರಲಿ ಎಂದು 1950ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೀರ್ಮಾನಿಸಿತು. ಮೊದಲ ಪಟ್ಟಿ 1953ರಲ್ಲಿ ಬಂತು. ಆ ಹೆಸರುಗಳ ಬಾಲ ನೋಡಿದರೆ ಗುಂಪು ತಿಳಿಯುತ್ತದೆ. ಸಾರ್ಟನ್ ಎಂದು ಮುಗಿದರೆ ರಕ್ತದೊತ್ತಡದ್ದು: ಟೆಲ್ಮಿಸಾರ್ಟನ್, ಲೊಸಾರ್ಟನ್. ಸ್ಟಾಟಿನ್ ಎಂದರೆ ಕೊಲೆಸ್ಟ್ರಾಲ್‌ನದು. ಪ್ರಜೋಲ್ ಎಂದರೆ ಹೊಟ್ಟೆಯ ಆಮ್ಲ ತಗ್ಗಿಸುವುದು. ಓದಲು ಕಷ್ಟ, ಆದರೆ ಸುಳ್ಳು ಹೇಳದ ಹೆಸರುಗಳು.

ಬ್ರ್ಯಾಂಡ್ ಹೆಸರಿಗೆ ಇಂಥ ಕಟ್ಟುಪಾಡಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂಬ ಎರಡು ಮಾತ್ರೆಗಳ ಜಗಳ ಬಂತು. ಎರಡೂ ಫಾಲ್ಸಿಪಾರಂ ಮಲೇರಿಯಾದ ಔಷಧ, ಎರಡೂ ಹೆಸರು ಆ ರೋಗಾಣುವಿನಿಂದಲೇ ಬಂದದ್ದು, ಆದರೆ ಒಳಗಿನ ಔಷಧ ಬೇರೆ. ಔಷಧದ ವಿಷಯದಲ್ಲಿ ಹೆಸರಿನ ಹೋಲಿಕೆಯನ್ನು ಬೇರೆ ಸರಕಿಗಿಂತ ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕು ಎಂದು ಕೋರ್ಟ್ ಹೇಳಿತು.

2018ರ ಸೆಪ್ಟೆಂಬರ್‌ನಿಂದ ಜೆನೆರಿಕ್ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕೆಂಬ ನಿಯಮ ಇದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಮುಂದೆ ಹೋಗಿ, ವೈದ್ಯರು ಚೀಟಿಯಲ್ಲಿ ಜೆನೆರಿಕ್ ಹೆಸರೇ ಬರೆಯಬೇಕು ಎಂದಿತು. ವೈದ್ಯರ ಸಂಘಟನೆಗಳು ವಿರೋಧಿಸಿದವು. ಎಲ್ಲ ಜೆನೆರಿಕ್ ಮಾತ್ರೆಗಳ ಗುಣಮಟ್ಟ ಒಂದೇ ಎಂಬ ಖಾತ್ರಿ ಇಲ್ಲ, ಯಾವ ಕಂಪನಿಯದು ಎಂಬ ಆಯ್ಕೆ ವೈದ್ಯರಿಂದ ಅಂಗಡಿಯವರ ಕೈಗೆ ಹೋಗುತ್ತದೆ ಎಂಬುದು ಅವರ ತಕರಾರು. ಅದೇ ತಿಂಗಳು ನಿಯಮವನ್ನು ತಡೆಹಿಡಿಯಲಾಯಿತು. ತಕರಾರಿನಲ್ಲಿ ಸತ್ಯ ಇದೆ. ಆದರೆ ಗುಣಮಟ್ಟದ ಸಮಸ್ಯೆಗೆ ಪರಿಹಾರ ತಪಾಸಣೆ. ಹೆಸರನ್ನು ಮರೆಮಾಡುವುದರಿಂದ ಅದು ಬಗೆಹರಿಯುವುದಿಲ್ಲ.

ಒಳ ಹೆಸರು ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಜ್ವರಕ್ಕೆ ಒಂದು ಗುಳಿಗೆ, ನೆಗಡಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು. ಹೆಸರು ಮೂರು, ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಪೆಟ್ಟು ಬೀಳಬಹುದು. ಮದ್ಯ ಕುಡಿಯುವವರಿಗೆ ಅದಕ್ಕಿಂತ ಕಡಿಮೆಯೂ ಸಾಕು.

ಇನ್ನು ಮುಂದೆ

ಓಆರ್‌ಎಸ್‌ ಆದೇಶ ಉಳಿದುಕೊಂಡರೆ ಅದರ ಪರಿಣಾಮ ಒಂದು ಪಾನೀಯಕ್ಕೆ ಮುಗಿಯುವುದಿಲ್ಲ. ವೈದ್ಯಕೀಯ ಹೆಸರನ್ನು ಎರವಲು ಪಡೆದು ಮಾರುವ ಬೇರೆ ಸರಕುಗಳ ಮೇಲೂ ಪ್ರಶ್ನೆ ಏಳುತ್ತದೆ. ಕಂಪನಿಗಳು ಹೊಸ ಹೆಸರು, ಹಳೆಯ ಬಣ್ಣ, ಹಳೆಯ ಚಿತ್ರದೊಂದಿಗೆ ಮರಳಿ ಬರಬಹುದು. ಆಹಾರ ಇಲಾಖೆ ಮತ್ತು ಔಷಧ ನಿಯಂತ್ರಣ ಇಲಾಖೆ ಜೊತೆಯಾಗಿ ಅಂಗಡಿಗೆ ಹೋಗದಿದ್ದರೆ ಒಬ್ಬರ ಕೆಲಸವನ್ನು ಇನ್ನೊಬ್ಬರ ಮೇಲೆ ಹಾಕುವುದು ನಡೆಯುತ್ತಲೇ ಇರುತ್ತದೆ. ಲೇಬಲ್ ಮೇಲಿನ ಮುಖ್ಯ ಹೆಸರು ಮತ್ತು ಎಚ್ಚರಿಕೆ ಕನ್ನಡದಲ್ಲೂ ಇರಬೇಕು ಎಂಬ ಬೇಡಿಕೆಗೆ ಈಗಲೇ ಸರಿಯಾದ ಸಮಯ.

ಗಿಡಮೂಲಿಕೆಯದು ಹೆಚ್ಚು ಕಷ್ಟದ ಕೆಲಸ. ಆಯುರ್ವೇದ ಔಷಧದ ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ, ಅವುಗಳ ಸಸ್ಯಶಾಸ್ತ್ರದ ಹೆಸರು ಇರಬೇಕೆಂಬ ನಿಯಮ ಇದೆ. ಗ್ರಂಧಿಗೆ ಅಂಗಡಿಯಲ್ಲಿ ಕಾಗದದಲ್ಲಿ ಕಟ್ಟಿಕೊಡುವ ಬೇರು, ತೊಗಟೆ, ಪುಡಿಗೆ ಯಾವ ಲೇಬಲ್ಲೂ ಇಲ್ಲ. ಎಲ್ಲಕ್ಕೂ ಲೇಬಲ್ ಕಡ್ಡಾಯ ಮಾಡಿದರೆ ಸಣ್ಣ ವ್ಯಾಪಾರಿ ಉಳಿಯುವುದಿಲ್ಲ, ಏನೂ ಮಾಡದೆ ಬಿಟ್ಟರೆ ತಪ್ಪು ಗಿಡ ಮನೆ ಸೇರುವುದು ನಿಲ್ಲುವುದಿಲ್ಲ. ಆಯುರ್ವೇದ ಕಾಲೇಜುಗಳು ತಮ್ಮ ಜಿಲ್ಲೆಯ ಗಿಡಗಳ ಊರ ಹೆಸರು, ಗ್ರಂಥದ ಹೆಸರು, ಲ್ಯಾಟಿನ್ ಹೆಸರು ಮೂರನ್ನೂ ಫೋಟೊ ಸಮೇತ ಒಂದೆಡೆ ಸೇರಿಸಿ ಅಂಗಡಿಗಳಿಗೆ ಹಂಚುವುದು ಇದಕ್ಕಿಂತ ಸುಲಭ, ಖರ್ಚೂ ಕಡಿಮೆ. ಕೊಳ್ಳುವವರು ಅಲ್ಲಿಯವರೆಗೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಎರಡು: ಇದು ಯಾವ ಗಿಡ, ಅದರ ಯಾವ ಭಾಗ? ಡಾಕ್ಟರ್ ಎದುರು ಕೂತಾಗ ತಾವು ಕುಡಿಯುತ್ತಿರುವ ಕಷಾಯ, ಅಗಿಯುತ್ತಿರುವ ಸೊಪ್ಪಿನ ಹೆಸರನ್ನೂ ಮಾತ್ರೆಗಳ ಪಟ್ಟಿಯ ಜೊತೆಗೇ ಹೇಳಬೇಕು. ಆಪರೇಷನ್‌ಗೆ ದಿನ ಗೊತ್ತಾಗಿದ್ದರೆ ಅದನ್ನು ತಪ್ಪದೆ ಹೇಳಬೇಕು.